ಸೊಲ್ಲಾಪುರದ ಸಾಹಸಿ ಶೇಠ ವಾಲಚಂದ ಹಿರಾಚಂದ

ನಮ್ಮ ಪ್ರಶಾಲೆಯಿಂದ ಪಾಸಾಗಿ ಹೋದ ಎಷ್ಟೋ ಮಕ್ಕಳು ಮುಂದಿನ ಓದಿಗಾಗಿ ಮಂದ್ರೂಪದಿಂದ ಬಸ್ಸು ಹತ್ತಿ ಸೊಲ್ಲಾಪುರಕ್ಕೆ ಹೋಗುತ್ತಾರೆ. ಅಲ್ಲಿ ವಾಲಚಂದ ಎಂಬ ಹೆಸರು ಹೊತ್ತ ಕಾಲೇಜುಗಳಿವೆ. ಸಾಂಗಲಿಗೆ ಹೋದರೆ ಅಲ್ಲಿಯೂ ವಾಲಚಂದ ಇಂಜಿನಿಯರಿಂಗ್ ಕಾಲೇಜು. ಪುಣೆ ಜಿಲ್ಲೆಯ ಇಂದಾಪುರ ತಾಲೂಕಿಗೆ ಹೋದರೆ ಊರಿಗೆ ಊರೇ ವಾಲಚಂದನಗರ. ಫಲಕದ ಮೇಲಿನ ಹೆಸರನ್ನು ದಿನಾಲು ಓದುತ್ತೇವೆ. ಆದರೆ ಆ ಹೆಸರಿನ ಮನುಷ್ಯ ಯಾರು, ಏನು ಮಾಡಿದ ಎಂದು ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಅವರು ದೂರದವರಲ್ಲ. ಕನ್ನಡ, ಮರಾಠಿ, ತೆಲುಗು ಮೂರೂ ಮಾತು ಒಂದೇ ಓಣಿಯಲ್ಲಿ ಕೇಳಿಬರುವ ನಮ್ಮ ಸೊಲ್ಲಾಪುರದಲ್ಲಿಯೇ ಹುಟ್ಟಿ ಬೆಳೆದವರು. ಹಡಗು, ವಿಮಾನ, ಮೋಟಾರು ಈ ಮೂರನ್ನೂ ನಮ್ಮ ದೇಶದಲ್ಲಿಯೇ ಮಾಡಬೇಕೆಂದು ಹಟ ತೊಟ್ಟು ದುಡಿದವರು.

ಅವರ ಬಾಳಿನುದ್ದಕ್ಕೂ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಎದುರಾಯಿತು. ಯಂತ್ರವನ್ನು ಹೊರಗಿನಿಂದ ಕೊಂಡು ತರುವುದೋ, ನಾವೇ ಮಾಡುವುದೋ? ಕೊಳ್ಳುವುದಾದರೆ ಎಂಥದನ್ನು ಕೊಂಡರೆ ಅದು ನಮ್ಮ ಬಿಸಿಲು, ನಮ್ಮ ಧೂಳು, ನಮ್ಮ ರಸ್ತೆಗಳಲ್ಲಿ ಬಾಳಿಕೆ ಬಂದೀತು? ಇದು ದೊಡ್ಡ ಶ್ರೀಮಂತರಿಗಷ್ಟೇ ಸಂಬಂಧಿಸಿದ ಪ್ರಶ್ನೆಯಲ್ಲ. ಪಂಪು ಕೊಳ್ಳುವ ರೈತನಿಗೂ, ಹಳೆಯ ಜೀಪು ಕೊಳ್ಳುವ ಪಾಲಕನಿಗೂ ಬರುವ ಪ್ರಶ್ನೆಯೇ. ಆದ್ದರಿಂದ ವಾಲಚಂದರ ಚರಿತ್ರೆಯನ್ನು ಈ ಪ್ರಶ್ನೆಯ ಬೆಳಕಿನಲ್ಲಿ ನೋಡೋಣ.

ವಾಲಚಂದರು ಹುಟ್ಟಿದ್ದು ೧೮೮೨ನೆಯ ಇಸವಿ ನವೆಂಬರ್ ೨೩ರಂದು. ಗುಜರಾತದಿಂದ ಬಂದು ಈ ಕಡೆ ನೆಲೆನಿಂತ ದಿಗಂಬರ ಜೈನ ವ್ಯಾಪಾರಿ ಮನೆತನ ಅವರದು. ತಂದೆ ಹಿರಾಚಂದರು ಹತ್ತಿಯ ವ್ಯಾಪಾರ ಹಾಗೂ ಲೇವಾದೇವಿ ನಡೆಸುತ್ತಿದ್ದ ಗೌರವಸ್ಥರು. ವಾಲಚಂದರು ಎಳೆಗೂಸಾಗಿದ್ದಾಗಲೇ ತಾಯಿ ತೀರಿಕೊಂಡರು. ಸೊಲ್ಲಾಪುರದ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿ ಮುಂಬಯಿ, ಪುಣೆಗಳ ಕಾಲೇಜುಗಳಲ್ಲಿ ಕೆಲಕಾಲ ಓದಿದರು. ಆದರೆ ಪದವಿ ಕೈಗೆ ಬರುವ ಮುಂಚೆಯೇ ಓದು ಬಿಟ್ಟು ಮನೆತನದ ವ್ಯವಹಾರಕ್ಕೆ ಇಳಿಯಬೇಕಾಯಿತು. ಗಾದಿಯ ಮೇಲೆ ಕುಳಿತು ಬಡ್ಡಿ ಲೆಕ್ಕ ಬರೆಯುವುದು ಮಾತ್ರ ಆ ತರುಣನ ಮನಸ್ಸಿಗೆ ಒಗ್ಗಲಿಲ್ಲ. ಕೈಯಲ್ಲಿ ಏನಾದರೂ ಕಟ್ಟಬೇಕು, ಕಟ್ಟಿದ್ದು ಕಣ್ಣಿಗೆ ಕಾಣಬೇಕು ಎಂಬುದು ಅವರ ಸ್ವಭಾವವಾಗಿತ್ತು.

ಆಗ ನಮ್ಮ ಜಿಲ್ಲೆಯಲ್ಲಿ ಬಾರ್ಶಿ ಲೈಟ್ ರೈಲ್ವೆ ಬೆಳೆಯುತ್ತಿತ್ತು. ಕುರ್ಡುವಾಡಿಯಿಂದ ಬಾರ್ಶಿಗೆ ೧೮೯೭ರಲ್ಲಿ ಸುರುವಾದ ಆ ಸಣ್ಣ ಹಳಿಯ ಗಾಡಿಯನ್ನು ನಿಮ್ಮ ಅಜ್ಜ ಅಜ್ಜಿಯರು ಕಂಡಿರಬಹುದು. ಪಂಢರಪುರದ ವಾರಿಗೆ ಎಷ್ಟೋ ಜನ ಅದರಲ್ಲಿಯೇ ಹೋಗುತ್ತಿದ್ದರು. ಈಗ ಆ ದಾರಿ ದೊಡ್ಡ ಹಳಿಯದಾಗಿದೆ. ಆ ರೈಲ್ವೆಯನ್ನು ಮುಂದಕ್ಕೆ ಹಾಕುವ ಕೆಲಸದಲ್ಲಿ ಒಂದು ತುಂಡು ಗುತ್ತಿಗೆ ಹೊರಟಿತ್ತು. ರೈಲ್ವೆಯಲ್ಲಿ ಕಾರಕೂನರಾಗಿದ್ದ ಲಕ್ಷ್ಮಣರಾವ ಫಾಟಕ ಎಂಬವರಿಗೆ ಆ ಕೆಲಸದ ಒಳಮರ್ಮ ಗೊತ್ತಿತ್ತು, ಹಣವಿರಲಿಲ್ಲ. ವಾಲಚಂದರಿಗೆ ಹಣದ ಅನುಕೂಲವಿತ್ತು, ಅನುಭವವಿರಲಿಲ್ಲ. ಇಬ್ಬರೂ ಕೂಡಿದರು. ೧೯೦೩ರ ಸುಮಾರಿಗೆ ಸೊಲ್ಲಾಪುರದ ಶೇಠಜಿಯ ಮಗ ಮಣ್ಣು ಹೊರುವವರ ನಡುವೆ ನಿಂತು ಹಳಿಯ ಕೆಲಸ ಮಾಡಿಸತೊಡಗಿದ. ವ್ಯಾಪಾರಿ ಮನೆತನದಲ್ಲಿ ಇದು ಹೊಸ ಸಂಗತಿಯಾಗಿತ್ತು.

ಆ ಕೆಲಸದಿಂದ ಅವರು ಕಲಿತದ್ದು ದೊಡ್ಡದು. ಹಳಿಯ ಕೆಳಗಿನ ಏರಿಯನ್ನು ಸರಿಯಾಗಿ ಬಡಿದು ಗಟ್ಟಿ ಮಾಡದೆ ಹೋದರೆ ಮೊದಲ ಮಳೆಗಾಲಕ್ಕೇ ಅದು ಕುಸಿಯುತ್ತದೆ. ಮೇಲಿನ ಹಳಿ ಎಷ್ಟೇ ಹೊಳೆಯಲಿ, ಬಾಳಿಕೆ ಇರುವುದು ಕಣ್ಣಿಗೆ ಕಾಣದ ತಳದಲ್ಲಿ. ಮುಂದೆ ಮುಂಬಯಿ-ಪುಣೆ ರೈಲು ದಾರಿಗಾಗಿ ಭೋರ ಘಾಟದಲ್ಲಿ ಸುರಂಗ ಕೊರೆಯುವುದು, ತಾನಸಾ ಕೆರೆಯಿಂದ ಮುಂಬಯಿಗೆ ನೀರಿನ ದೊಡ್ಡ ಕೊಳವೆ ಹಾಕುವುದು ಇಂಥ ಬಿಕ್ಕಟ್ಟಿನ ಕೆಲಸಗಳು ಅವರ ಪಾಲಿಗೆ ಬಂದವು. ೧೯೨೬ರಲ್ಲಿ ಹಿಂದುಸ್ತಾನ ಕನ್‌ಸ್ಟ್ರಕ್ಷನ್ ಕಂಪನಿ ಹುಟ್ಟಿತು. ಮುಂಬಯಿಯ ಬಾಂದ್ರಾದಿಂದ ವರಳಿಗೆ ಸಮುದ್ರದ ಮೇಲೆ ಹಾಯ್ದುಹೋಗುವ, ೨೦೦೯ರಲ್ಲಿ ತೆರೆದ ಸೇತುವೆಯನ್ನು ಕಟ್ಟಿದ್ದೂ ಇದೇ ಕಂಪನಿ.

೧೯೧೯ರಲ್ಲಿ ಅವರ ಬಾಳಿನ ದಾರಿ ನೆಲದಿಂದ ನೀರಿಗೆ ತಿರುಗಿತು. ಮೊದಲನೆಯ ಮಹಾಯುದ್ಧ ಆಗಷ್ಟೇ ಮುಗಿದಿತ್ತು. ಗ್ವಾಲಿಯರದ ಸಿಂದಿಯಾ ಮಹಾರಾಜರ ಒಡೆತನದ ಲಾಯಲ್ಟಿ ಎಂಬ ಹಡಗು, ಯುದ್ಧಕಾಲದಲ್ಲಿ ಆಸ್ಪತ್ರೆ ಹಡಗಾಗಿ ದುಡಿದದ್ದು, ಮಾರಾಟಕ್ಕಿತ್ತು. ವಾಲಚಂದರು ನರೋತ್ತಮ ಮೊರಾರಜಿ ಮೊದಲಾದ ಗೆಳೆಯರೊಂದಿಗೆ ಕೂಡಿ ಅದನ್ನು ಕೊಂಡರು. ಸಿಂದಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿ ಹುಟ್ಟಿತು. ಅದೇ ವರ್ಷ ಏಪ್ರಿಲ್ ೫ರಂದು ಲಾಯಲ್ಟಿ ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಆ ದಿನದ ನೆನಪಿಗಾಗಿ ೧೯೬೪ರಿಂದ ಏಪ್ರಿಲ್ ೫ನ್ನು ರಾಷ್ಟ್ರೀಯ ನೌಕಾಯಾನ ದಿನವೆಂದು ನಮ್ಮ ದೇಶ ಆಚರಿಸುತ್ತ ಬಂದಿದೆ.

ಆದರೆ ಮುಂದಿನ ದಾರಿ ಸುಗಮವಾಗಿರಲಿಲ್ಲ. ಹಿಂದುಸ್ತಾನದ ಕಡಲತಡಿಯ ವ್ಯಾಪಾರವೆಲ್ಲ ಬ್ರಿಟಿಷ್ ಕಂಪನಿಗಳ ಮುಷ್ಟಿಯಲ್ಲಿತ್ತು. ಹೊಸ ಕಂಪನಿಯನ್ನು ಮುಳುಗಿಸಲೆಂದು ಅವರು ಬಾಡಿಗೆಯ ದರ ಇಳಿಸಿದರು. ಹಾನಿ ತಿಂದು ನಿಲ್ಲುವ ಶಕ್ತಿ ದೊಡ್ಡವರಿಗಿತ್ತು, ಸಣ್ಣವರಿಗಿರಲಿಲ್ಲ. ೧೯೨೩ರಲ್ಲಿ ಸಿಂದಿಯಾ ಕಂಪನಿ ಎದುರಾಳಿಗಳೊಂದಿಗೆ ಒಂದು ಕರಾರಿಗೆ ಬರಬೇಕಾಯಿತು. ಅದರಿಂದ ಕಂಪನಿ ಉಳಿಯಿತು, ಬೆಳವಣಿಗೆಗೆ ಮಾತ್ರ ಕಟ್ಟು ಬಿತ್ತು. ಈ ಹೋರಾಟದಲ್ಲಿ ವಾಲಚಂದರಿಗೆ ಇನ್ನೊಂದು ಸತ್ಯ ಹೊಳೆಯಿತು. ಹಡಗು ನಮ್ಮದಾದರೆ ಸಾಲದು. ಹಡಗು ಕಟ್ಟುವ ಕೈಯೂ ನಮ್ಮದಾಗಬೇಕು. ಪರರ ಕಟ್ಟೆಯಲ್ಲಿ ಕಟ್ಟಿದ ಹಡಗಿನ ಒಂದು ಭಾಗ ಮುರಿದರೂ ಅವರ ಬಾಗಿಲಿಗೇ ಹೋಗಿ ನಿಲ್ಲಬೇಕು.

ಈ ನಡುವೆ ಇಂದಾಪುರ ತಾಲೂಕಿನ ಕಳಂಬ ಎಂಬ ಹಳ್ಳಿಯ ಸುತ್ತಲಿನ ನೆಲದಲ್ಲಿ ಅವರು ಕಬ್ಬು ಬೆಳೆಸಿ ಸಕ್ಕರೆ ಕಾರಖಾನೆ ಹಾಕಿದರು. ಅದೇ ಇಂದಿನ ವಾಲಚಂದನಗರ. ನಾಶಿಕ ಜಿಲ್ಲೆಯ ರಾವಳಗಾಂವದಲ್ಲಿ ೧೯೩೩ರಲ್ಲಿ ಇನ್ನೊಂದು ಸಕ್ಕರೆ ಕಾರಖಾನೆ ನಿಂತಿತು. ಚಿಕ್ಕವರಿದ್ದಾಗ ನಿಮ್ಮ ಪಾಲಕರು ಬಾಯಿಗೆ ಹಾಕಿಕೊಂಡ ರಾವಳಗಾಂವ ಗೋಲಿಯ ಹೆಸರು ಆ ಊರಿನಿಂದಲೇ ಬಂದದ್ದು. ಕಾರಖಾನೆಯ ಯಂತ್ರ ಕೆಟ್ಟಾಗ ವಿಲಾಯತಿಯ ಬಿಡಿಭಾಗಕ್ಕಾಗಿ ಕಾಯುತ್ತ ಕುಳಿತರೆ ಕಬ್ಬು ಒಣಗುತ್ತದೆ ಎಂಬುದು ಕಬ್ಬಿನ ಸೀಮೆಯ ಯಾವ ರೈತನಿಗೂ ಹೇಳಿಕೊಡಬೇಕಾದ ಮಾತಲ್ಲ.

ಇನ್ನು ಮೋಟಾರಿನ ಕಥೆಗೆ ಬರೋಣ. ನಮ್ಮ ದೇಶದಲ್ಲಿ ಮೋಟಾರು ಕಾರಖಾನೆ ಬೇಕೆಂದು ಮೊದಲಿಗೆ ಗಟ್ಟಿ ಯೋಜನೆ ಬರೆದವರಲ್ಲಿ ಕನ್ನಡ ನಾಡಿನ ಸರ್ ಎಂ. ವಿಶ್ವೇಶ್ವರಯ್ಯನವರು ಮುಖ್ಯರು. ಮುಂಬಯಿ ಇಲಾಖೆಯಲ್ಲಿ ಇಂಜಿನಿಯರರಾಗಿ ದುಡಿದು, ಮೈಸೂರಿನ ದಿವಾನರಾಗಿ ನಿವೃತ್ತರಾಗಿದ್ದ ಅವರು ೧೯೩೫ರಲ್ಲಿ ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಯುರೋಪು, ಅಮೆರಿಕಗಳಿಗೆ ಹೋಗಿ ಅಲ್ಲಿಯ ಮೋಟಾರು ಕಾರಖಾನೆಗಳನ್ನು ನೋಡಿ ಬಂದರು. ವಾಲಚಂದರು ಆ ಯೋಜನೆಗೆ ಹೆಗಲು ಕೊಟ್ಟರು. ಹೀಗೆ ಮುದ್ದೇನಹಳ್ಳಿಯ ಇಂಜಿನಿಯರರೂ ಸೊಲ್ಲಾಪುರದ ಉದ್ಯಮಿಯೂ ಒಂದೇ ಕನಸಿಗೆ ಜೊತೆಯಾದರು. ಮುಂಬಯಿಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಇದ್ದಾಗ ಸಹಾಯದ ಆಸೆ ಮೂಡಿತು. ಮೈಸೂರು ಸರಕಾರದ ನೆರವಿಗೂ ಯತ್ನ ನಡೆಯಿತು. ಆದರೆ ಯುದ್ಧ ಬಂತು. ಮೋಟಾರು ಕಾರಖಾನೆ ಯುದ್ಧಕ್ಕೆ ಅವಶ್ಯವಿಲ್ಲವೆಂದು ಆಗಿನ ಹಿಂದುಸ್ತಾನ ಸರಕಾರ ಕೈಬಿಟ್ಟಿತು.

ಸಹಭಾಗಿಗಳನ್ನು ಹುಡುಕುತ್ತ ವಾಲಚಂದರು ೧೯೩೯ರಲ್ಲಿ ಅಮೆರಿಕಕ್ಕೆ ಹೋದರು. ಫೋರ್ಡ್ ಕಂಪನಿಯೊಡನೆ ಮಾತುಕತೆ ಫಲಿಸಲಿಲ್ಲ. ಕ್ರೈಸ್ಲರ್ ಕಂಪನಿ ಒಪ್ಪಿಕೊಂಡಿತು. ಮರಳಿ ಬರುವ ದಾರಿಯಲ್ಲಿ ವಿಮಾನದೊಳಗೆ ವಿಲಿಯಂ ಪಾಲಿ ಎಂಬ ಅಮೆರಿಕದ ವಿಮಾನ ಉದ್ಯಮಿಯ ಪರಿಚಯವಾಯಿತು. ಚೀನದಲ್ಲಿ ವಿಮಾನ ಕಾರಖಾನೆ ನಡೆಸುತ್ತಿದ್ದ ಮನುಷ್ಯ ಅವನು. ಮೋಟಾರನ್ನು ಹುಡುಕಿಕೊಂಡು ಹೋದವರು ವಿಮಾನದ ಯೋಜನೆ ಹೊತ್ತು ಬಂದರು. ಮೈಸೂರು ಸರಕಾರ ನೆಲ ಕೊಟ್ಟಿತು, ಬಂಡವಾಳದಲ್ಲಿ ಪಾಲೂ ಹಾಕಿತು. ೧೯೪೦ರ ಡಿಸೆಂಬರ್ ೨೩ರಂದು ಬೆಂಗಳೂರಿನಲ್ಲಿ ಹಿಂದುಸ್ತಾನ ಏರ್‌ಕ್ರಾಫ್ಟ್ ಕಂಪನಿ ಸ್ಥಾಪನೆಯಾಯಿತು. ಮುಂದಿನ ವರ್ಷವೇ ಅಲ್ಲಿ ಜೋಡಿಸಿದ ಮೊದಲ ತರಬೇತಿ ವಿಮಾನ ಹಾರಿತು. ೧೯೪೨ರಲ್ಲಿ ಯುದ್ಧದ ಕಾರಣದಿಂದ ಸರಕಾರ ಅದನ್ನು ತನ್ನ ಕೈಗೆ ತೆಗೆದುಕೊಂಡಿತು. ಇಂದು ನಾವು ಎಚ್.ಎ.ಎಲ್. ಎಂದು ಕರೆಯುವ ಸಂಸ್ಥೆಯ ಬೇರು ಅದು.

ವಾಲಚಂದರು ಅಮೆರಿಕಕ್ಕೆ ಹೋದ ಅದೇ ೧೯೩೯ರಲ್ಲಿ ಅಲ್ಲಿಯ ಮೋಟಾರುಗಳಲ್ಲಿ ಒಂದು ಹೊಸ ಸಂಗತಿ ಕಾಣಿಸಿಕೊಂಡಿತ್ತು. ಅದನ್ನು ತಿಳಿದುಕೊಂಡರೆ ಮುಂದಿನ ಕಥೆ ಚೆನ್ನಾಗಿ ಅರ್ಥವಾಗುತ್ತದೆ. ಆದ್ದರಿಂದ ಸ್ವಲ್ಪ ಹೊತ್ತು ಯಂತ್ರದ ಪಾಠಕ್ಕೆ ಕುಳಿತುಕೊಳ್ಳೋಣ.

ಮೋಟಾರಿನ ಎಂಜಿನು ಸುರುವಾದ ಮೇಲೆ ತಿರುಗುತ್ತಲೇ ಇರಬೇಕು. ಗಾಲಿಗಳಿಗಾದರೋ ನಿಲ್ಲುವ ಹೊತ್ತೂ ಇದೆ, ಓಡುವ ಹೊತ್ತೂ ಇದೆ. ತಿರುಗುವ ಎಂಜಿನನ್ನು ನಿಂತ ಗಾಲಿಗೆ ಮೆಲ್ಲಗೆ ಜೋಡಿಸುವುದು ಹೇಗೆ? ಸಾಮಾನ್ಯ ಗಾಡಿಯಲ್ಲಿ ಈ ಕೆಲಸವನ್ನು ಕ್ಲಚ್ಚು ಮಾಡುತ್ತದೆ. ಚಾಲಕ ಎಡಗಾಲಿನಿಂದ ಒತ್ತಿದರೆ ಎರಡು ತಟ್ಟೆಗಳು ಬಿಡುತ್ತವೆ, ಕಾಲೆತ್ತಿದರೆ ಕೂಡುತ್ತವೆ. ಆದರೆ ತಟ್ಟೆಗಳ ಬದಲು ಎಣ್ಣೆಯಿಂದಲೇ ಈ ಕೆಲಸ ಮಾಡಿಸಬಹುದು. ಎರಡು ಮೇಜಿನ ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದಕ್ಕೆ ಮಾತ್ರ ಕರೆಂಟು ಕೊಡಿ. ಅದರ ಗಾಳಿಗೆ ಇನ್ನೊಂದು ತಾನಾಗಿ ತಿರುಗತೊಡಗುತ್ತದೆ. ಗಾಳಿಯ ಜಾಗದಲ್ಲಿ ಎಣ್ಣೆಯನ್ನು ತುಂಬಿ, ಎರಡು ರೆಕ್ಕೆಚಕ್ರಗಳನ್ನೂ ಒಂದು ಮುಚ್ಚಿದ ಉಕ್ಕಿನ ಡಬ್ಬಿಯಲ್ಲಿ ಇಟ್ಟರೆ ಎಂಜಿನಿನ ಬಲ ಎಣ್ಣೆಯ ಮೂಲಕ ಗಾಲಿಯ ಕಡೆಗೆ ಹೋಗುತ್ತದೆ. ೧೯೩೯ರಲ್ಲಿ ಕ್ರೈಸ್ಲರ್ ಕಂಪನಿ ತನ್ನ ದುಬಾರಿ ಇಂಪೀರಿಯಲ್ ಕಾರಿನಲ್ಲಿ ಇಟ್ಟ ಫ್ಲೂಯಿಡ್ ಡ್ರೈವ್ ಎಂಬುದು ಇಂಥ ಏರ್ಪಾಡು.

ಇದಕ್ಕಿಂತ ಒಂದು ಹೆಜ್ಜೆ ಮುಂದಿನದು ಟಾರ್ಕ್ ಕನ್ವರ್ಟರ್. ಟಾರ್ಕ್ ಎಂದರೆ ತಿರುಗಿಸುವ ಬಲ. ಇದನ್ನು ಕಂಡುಹಿಡಿದವರು ಜರ್ಮನಿಯ ಹರ್ಮನ್ ಫ್ಯೋಟಿಂಗರ್. ೧೯೦೫ರಲ್ಲಿ ಅವರು ಪೇಟೆಂಟು ಪಡೆದದ್ದು ಕಾರಿಗಾಗಿ ಅಲ್ಲ, ಹಡಗಿಗಾಗಿ. ಉಗಿಯಂತ್ರದ ವೇಗವನ್ನು ಹಡಗಿನ ತಿರುಪಿಗೆ ಹೊಂದಿಸುವುದಕ್ಕಾಗಿ. ಇದರಲ್ಲಿ ಎರಡು ರೆಕ್ಕೆಚಕ್ರಗಳ ನಡುವೆ ಮೂರನೆಯದೊಂದು ಇರುತ್ತದೆ. ಅದಕ್ಕೆ ಸ್ಟೇಟರು ಎನ್ನುತ್ತಾರೆ. ಹೊಲದಲ್ಲಿ ತಪ್ಪು ದಿಕ್ಕಿಗೆ ಹರಿಯುವ ನೀರನ್ನು ರೈತ ಸಲಿಕೆಯಿಂದ ಮಣ್ಣು ಸರಿಸಿ ಬೇಕಾದ ಕಡೆಗೆ ತಿರುವುತ್ತಾನಲ್ಲ, ಹಾಗೆ ಈ ಸ್ಟೇಟರು ಮರಳಿ ಬರುವ ಎಣ್ಣೆಯನ್ನು ಸರಿಯಾದ ದಿಕ್ಕಿಗೆ ತಿರುವುತ್ತದೆ. ಅದರಿಂದ ಗಾಡಿ ಹೊರಡುವಾಗ ತಿರುಗಿಸುವ ಬಲ ಸುಮಾರು ಎರಡು ಪಟ್ಟಾಗುತ್ತದೆ. ಅಮೆರಿಕದಲ್ಲಿ ೧೯೪೮ರ ಬ್ಯೂಕ್ ಕಾರಿನಲ್ಲಿ ಟಾರ್ಕ್ ಕನ್ವರ್ಟರ್ ಬಂತು. ಕ್ರೈಸ್ಲರ್ ಕಂಪನಿಯ ಪೂರ್ಣ ಸ್ವಯಂಚಾಲಿತ ಗೇರುಪೆಟ್ಟಿಗೆ ಬಂದದ್ದು ೧೯೫೩ರಲ್ಲಿ. ಎಡಗಾಲಿಗೆ ಬಿಡುವು, ಕೈಗೆ ಆರಾಮ, ಗಾಡಿ ಹೊರಟದ್ದೇ ಗೊತ್ತಾಗದಷ್ಟು ಮೆತ್ತಗಿನ ಸವಾರಿ.

ಹಾಗಾದರೆ ಇದು ಬಾಳಿಕೆಯ ವಸ್ತುವೇ? ಒಳ್ಳೆಯದನ್ನು ಆರಿಸಿ, ಸರಿಯಾಗಿ ನೋಡಿಕೊಂಡರೆ ಖಂಡಿತ ಬಾಳುತ್ತದೆ. ಆದರೆ ಅದಕ್ಕೊಬ್ಬ ದೊಡ್ಡ ಶತ್ರು ಇದ್ದಾನೆ. ಅವನ ಹೆಸರು ಕಾವು. ಒಂದು ಚಕ್ರ ಜೋರಾಗಿ ತಿರುಗುತ್ತ ಇನ್ನೊಂದು ಹಿಂದುಳಿದಷ್ಟೂ ಎಣ್ಣೆ ಕಾಯುತ್ತದೆ. ಕಾದ ಎಣ್ಣೆ ಸುಟ್ಟು ಕಪ್ಪಾಗುತ್ತದೆ, ಸೀಲುಗಳು ಬಿರುಸಾಗಿ ಒಡೆಯುತ್ತವೆ. ಹಳೆಯ ಕಾಲದ ಇಂಥ ಕಾರುಗಳನ್ನು ಇಂದಿಗೂ ಪ್ರೀತಿಯಿಂದ ಕಾಪಾಡುವವರು ಹೊಸ ಕನ್ವರ್ಟರ್ ಕೊಳ್ಳುವಾಗ ಕೆಲವು ಸಂಗತಿಗಳನ್ನು ತಪ್ಪದೆ ನೋಡುತ್ತಾರೆ. ಅಳತೆ, ಬೋಲ್ಟಿನ ತೂತುಗಳು ಮತ್ತು ಒಳಗಿನ ಹಲ್ಲುಗಳು ಆ ಗೇರುಪೆಟ್ಟಿಗೆಗೆ ಸರಿಯಾಗಿ ಕೂಡಬೇಕು. ಗಾಡಿಯನ್ನು ಬ್ರೇಕು ಹಾಕಿ ನಿಲ್ಲಿಸಿದಾಗ ಎಂಜಿನು ಎಷ್ಟು ಸುತ್ತಿನ ವರೆಗೆ ಏರಬಲ್ಲದೆಂಬುದಕ್ಕೆ ಸ್ಟಾಲ್ ವೇಗ ಎನ್ನುತ್ತಾರೆ. ಅದು ಎಂಜಿನಿನ ಶಕ್ತಿಗೂ ಗಾಡಿಯ ತೂಕಕ್ಕೂ ಹೊಂದಬೇಕು. ಪಂದ್ಯದ ಕಾರಿಗೆ ಮಾಡಿದ್ದನ್ನು ಮನೆಯ ಕಾರಿಗೆ ಹಾಕಿದರೆ ಎಣ್ಣೆ ಸುಮ್ಮನೆ ಕಾಯುತ್ತದೆ. ಒಳಗಿನ ರೆಕ್ಕೆಗಳನ್ನು ಬರೇ ಮಡಿಸಿ ಕೂಡಿಸಿದ್ದರೆ ದಿನ ಕಳೆದಂತೆ ಸಡಿಲಾಗುತ್ತವೆ. ಕುಲುಮೆಯಲ್ಲಿ ಕಾಸಿ ಬೆಸುಗೆ ಹಾಕಿದ್ದರೆ ಗಟ್ಟಿಯಾಗಿ ನಿಲ್ಲುತ್ತವೆ. ಚಕ್ರಗಳ ನಡುವೆ ಸವೆಯುವ ವಾಶರುಗಳಿಗಿಂತ ಸೂಜಿ ಬೇರಿಂಗುಗಳಿದ್ದರೆ ಮೇಲು. ಎಣ್ಣೆಯನ್ನು ತಣಿಸುವ ಕೂಲರು ಬೇಕು. ಹಳೆಯ ಕನ್ವರ್ಟರ್ ಒಡೆದಿದ್ದರೆ ಅದರ ಲೋಹದ ಚೂರುಗಳು ಕೂಲರಿನ ಕೊಳವೆಯಲ್ಲಿ ಉಳಿದಿರುತ್ತವೆ; ಅದನ್ನು ತೊಳೆಯದೆ ಹೊಸದನ್ನು ಕೂಡಿಸಿದರೆ ಹೊಸದೂ ಹಾಳಾಗುತ್ತದೆ.

ಹೊರಗಿನಿಂದ ನೋಡಿದರೆ ಎಲ್ಲ ಕನ್ವರ್ಟರುಗಳೂ ಒಂದೇ ತರಹದ ಬಣ್ಣ ಬಳಿದ ಡಬ್ಬಿಗಳು. ಕೊಳ್ಳುವವನು ಬಣ್ಣ ನೋಡಬಾರದು. ನಮ್ಮ ಭಾರಕ್ಕೆ ಹೊಂದುತ್ತದೆಯೇ, ಕಾವನ್ನು ತಾಳುತ್ತದೆಯೇ, ಒಳಗಿನ ಕೆಲಸ ಗಟ್ಟಿಯೇ ಎಂಬ ಮೂರು ಮಾತು ಕೇಳಬೇಕು. ನಮ್ಮಂಥ ದೇಶಕ್ಕೆ ನಾಲ್ಕನೆಯ ಮಾತೊಂದು ಆಗ ಉಳಿದಿತ್ತು. ಕೆಟ್ಟರೆ ಬಿಚ್ಚಿ ದುರಸ್ತಿ ಮಾಡುವವರು ನಮ್ಮಲ್ಲಿ ಇದ್ದಾರೆಯೇ? ಕನ್ವರ್ಟರ್ ಎಂಬುದು ಸುತ್ತಲೂ ಬೆಸೆದು ಮುಚ್ಚಿದ ವಸ್ತು. ಅದನ್ನು ಲೇಥಿನ ಮೇಲೆ ಕತ್ತರಿಸಿ, ಒಳಗೆ ಸರಿಪಡಿಸಿ, ಮತ್ತೆ ಬೆಸೆದು, ತಿರುಗುವಾಗ ನಡುಗದಂತೆ ತೂಕ ಸಮ ಮಾಡಬೇಕು. ಕ್ಲಚ್ಚಿನ ತಟ್ಟೆಯನ್ನಾದರೋ ಹೆದ್ದಾರಿಯ ಮಗ್ಗುಲಿನ ಗ್ಯಾರೇಜಿನ ಮಿಸ್ತ್ರಿ ಅರ್ಧ ದಿನದಲ್ಲಿ ಬದಲಿಸುತ್ತಾನೆ.

ಇಷ್ಟು ತಿಳಿದುಕೊಂಡು ಈಗ ವಾಲಚಂದರ ಕಡೆಗೆ ಮರಳೋಣ. ಅವರು ಸುಮ್ಮನೆ ಕೂತವರಲ್ಲ. ೧೯೪೧ರ ಜೂನ್ ೨೧ರಂದು ವಿಶಾಖಪಟ್ಟಣದಲ್ಲಿ ಹಡಗು ಕಟ್ಟುವ ಕಾರಖಾನೆಗೆ ಬಾಬು ರಾಜೇಂದ್ರಪ್ರಸಾದರ ಕೈಯಿಂದ ಅಸ್ತಿಭಾರ ಹಾಕಿಸಿದರು. ಮರುವರ್ಷ ಏಪ್ರಿಲಿನಲ್ಲಿ ಆ ಊರಿನ ಮೇಲೆ ಜಪಾನೀ ವಿಮಾನಗಳು ಬಾಂಬು ಹಾಕಿದವು. ಕೆಲಸ ಕುಂಟಿತು, ನಿಲ್ಲಲಿಲ್ಲ. ಇತ್ತ ೧೯೪೪ರಲ್ಲಿ ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿಯನ್ನು ಸ್ಥಾಪಿಸಿದರು. ಸ್ವಾತಂತ್ರ್ಯ ಬಂದ ೧೯೪೭ರ ಹೊತ್ತಿಗೆ ಅಲ್ಲಿ ಕ್ರೈಸ್ಲರ್ ಕಂಪನಿಯ ಡಾಜ್, ಪ್ಲಿಮತ್ ಕಾರುಗಳೂ ಲಾರಿಗಳೂ ಜೋಡಣೆಯಾಗಿ ಹೊರಬರತೊಡಗಿದವು. ೧೯೪೮ರ ಮಾರ್ಚಿಯಲ್ಲಿ ವಿಶಾಖಪಟ್ಟಣದಲ್ಲಿ ಜಲಉಷಾ ಎಂಬ ಹಡಗನ್ನು ಪಂಡಿತ ನೆಹರೂ ಅವರು ನೀರಿಗೆ ಇಳಿಸಿದರು. ಹಿಡಿದ ಮೂರೂ ಕೆಲಸ ಒಂದು ದಡ ಕಂಡಿದ್ದವು.

ಜೋಡಿಸುವುದು ಬೇರೆ, ಮಾಡುವುದು ಬೇರೆ. ಪೆಟ್ಟಿಗೆಯಲ್ಲಿ ಬಂದ ಭಾಗಗಳನ್ನು ತೆಗೆದು ಬೋಲ್ಟು ಬಿಗಿದರೆ ಕಾರು ಹೊರಬೀಳುತ್ತದೆ, ನಿಜ. ಆದರೆ ಪೆಟ್ಟಿಗೆ ಬರುವುದು ನಿಂತ ದಿನ ಕಾರಖಾನೆಗೆ ಬೀಗ. ಪ್ರೀಮಿಯರ್ ಕಾರಖಾನೆ ಒಂದೊಂದಾಗಿ ಬಿಡಿಭಾಗಗಳನ್ನು ಇಲ್ಲಿಯೇ ಮಾಡುವ ದಾರಿ ಹಿಡಿಯಿತು. ಈ ದಾರಿಯ ಬೆಲೆ ಬೇಗನೆ ತಿಳಿದುಬಂತು. ಬರೇ ಜೋಡಿಸುವುದಲ್ಲ, ಭಾಗಗಳನ್ನು ದೇಶದಲ್ಲಿಯೇ ತಯಾರಿಸುವ ಯೋಜನೆ ಇದ್ದವರಿಗೆ ಮಾತ್ರ ಅವಕಾಶವಿರಬೇಕೆಂಬ ನೀತಿಗೆ ೧೯೫೩ರಲ್ಲಿ ಸರಕಾರ ಬಂತು. ಬಹಳ ವರ್ಷಗಳಿಂದ ಇಲ್ಲಿ ಕಾರು ಜೋಡಿಸುತ್ತಿದ್ದ ಫೋರ್ಡ್, ಜನರಲ್ ಮೋಟರ್ಸ್ ಎಂಬ ಜಗತ್ತಿನ ಎರಡು ದೊಡ್ಡ ಕಂಪನಿಗಳು ೧೯೫೪ರ ಸುಮಾರಿಗೆ ಆ ಕೆಲಸ ಮುಚ್ಚಿ ಹೊರಟುಹೋದವು. ಸೊಲ್ಲಾಪುರದವರ ಕಂಪನಿ ಉಳಿಯಿತು.

ಕಾರಿನ ಆಯ್ಕೆಯಲ್ಲಿಯೂ ಇದೇ ವಿವೇಕ ಕಾಣುತ್ತದೆ. ಅಮೆರಿಕದ ಕಾರು ಉದ್ದ, ಅಗಲ, ಭಾರ. ಪೆಟ್ರೋಲು ಹೆಚ್ಚು ಕುಡಿಯುತ್ತಿತ್ತು. ೧೯೫೦ರ ದಶಕದ ಆರಂಭದಲ್ಲಿ ಪ್ರೀಮಿಯರ್ ಕಂಪನಿ ಇಟಲಿಯ ಫಿಯಟ್ ಕಂಪನಿಯೊಡನೆ ಕೈಜೋಡಿಸಿ ಸಣ್ಣ ಕಾರಿನ ಕಡೆಗೆ ತಿರುಗಿತು. ೧೯೫೪ರಿಂದ ಬಂದ ಫಿಯಟ್ ೧೧೦೦ ಕಾರು ೧೯೭೦ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆಯಿತು. ಅದಕ್ಕೆ ಇದ್ದದ್ದು ಸುಮಾರು ೧೧೦೦ ಸಿ.ಸಿ.ಯ ಸಣ್ಣ ಎಂಜಿನು, ಸಾದಾ ಕ್ಲಚ್ಚು, ಸ್ಟೀರಿಂಗಿನ ಪಕ್ಕದಲ್ಲಿ ನಾಲ್ಕು ಗೇರಿನ ಕೋಲು. ಅಷ್ಟು ಸಣ್ಣ ಎಂಜಿನಿಗೆ ಆ ಕಾಲದ ಕನ್ವರ್ಟರ್ ಹಾಕಿದ್ದರೆ ಶಕ್ತಿಯ ಒಂದು ಪಾಲು ಎಣ್ಣೆ ಕಾಯಿಸುವುದರಲ್ಲಿಯೇ ಹೋಗುತ್ತಿತ್ತು. ಮೆತ್ತಗಿನ ಸವಾರಿಯ ಶೋಕಿ ಅದಕ್ಕಿರಲಿಲ್ಲ. ಹಳ್ಳಿಯ ಮಿಸ್ತ್ರಿಯ ಕೈಗೆ ಎಟಕುವ ಗುಣವಿತ್ತು. ಸುಮಾರು ೨೦೦೦ನೆಯ ಇಸವಿಯ ವರೆಗೆ ಆ ಕಾರು ತಯಾರಾಯಿತು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ ಅದು ತಲೆಮಾರುಗಳ ಜನರನ್ನು ಹೊತ್ತು ತಿರುಗಿತು. ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ ಇರುವುದರಿಂದ ೨೦೨೩ರ ಅಕ್ಟೋಬರ್ ಕೊನೆಗೆ ಕಟ್ಟಕಡೆಯ ಪದ್ಮಿನಿ ಟ್ಯಾಕ್ಸಿಯೂ ಅಲ್ಲಿಯ ರಸ್ತೆ ಬಿಟ್ಟಿತು.

ಆ ಕಾರಿನ ಬೆಳವಣಿಗೆಯನ್ನು ಕಾಣಲು ವಾಲಚಂದರು ಇರಲಿಲ್ಲ. ೧೯೪೯ರಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ಹಗಲಿರುಳು ಓಡಾಡಿದ ದೇಹ ಹಾಸಿಗೆ ಹಿಡಿಯಿತು. ೧೯೫೦ರಲ್ಲಿ ಎಲ್ಲ ಕಾರಭಾರದಿಂದ ನಿವೃತ್ತರಾದರು. ಹೆಂಡತಿ ಕಸ್ತೂರಬಾಯಿಯವರು ಕೊನೆಯ ವರೆಗೆ ಶುಶ್ರೂಷೆ ಮಾಡಿದರು. ಅವರು ಕಟ್ಟಿದ ಹಡಗು ಕಾರಖಾನೆ ೧೯೫೨ರಲ್ಲಿ ಸರಕಾರದ ಆಡಳಿತಕ್ಕೆ ಹೋಯಿತು. ವಿಮಾನ ಕಾರಖಾನೆ ಮೊದಲೇ ಹೋಗಿತ್ತು. ೧೯೫೩ರ ಏಪ್ರಿಲ್ ೮ರಂದು ಗುಜರಾತದ ಸಿದ್ಧಪುರದಲ್ಲಿ ಅವರು ಕಾಲವಾದರು.

ವಾಲಚಂದರ ಬಾಳನ್ನು ತೂಗಿ ನೋಡುವಾಗ ಒಂದು ಮಾತು ಹೇಳಲೇಬೇಕು. ಹಣದ ಲೆಕ್ಕದಲ್ಲಿ ಅವರಿಗಿಂತ ದೊಡ್ಡವರು ಆಗಲೂ ಇದ್ದರು. ಅವರು ಕೈಗೆ ಇರುವುದಕ್ಕಿಂತ ಹೆಚ್ಚಿನ ಕೆಲಸ ಹಚ್ಚಿಕೊಳ್ಳುತ್ತಿದ್ದರು. ಬಂಡವಾಳಕ್ಕಾಗಿ ಸದಾ ಪರದಾಡುತ್ತಿದ್ದರು. ಕಟ್ಟಿದ ಮೂರು ದೊಡ್ಡ ಕಾರಖಾನೆಗಳಲ್ಲಿ ಎರಡು ಕಣ್ಣೆದುರಿಗೇ ಕೈಬಿಟ್ಟು ಹೋದವು. ಆದರೂ ಕೆಲಸ ನಿಲ್ಲಲಿಲ್ಲ. ಮಾಲಕರು ಬದಲಾದರೂ ಬೆಂಗಳೂರಿನಲ್ಲಿ ವಿಮಾನ ತಯಾರಾಗುತ್ತಲೇ ಇವೆ, ವಿಶಾಖಪಟ್ಟಣದಲ್ಲಿ ಹಡಗು ತಯಾರಾಗುತ್ತಲೇ ಇವೆ. ಕಬ್ಬಿನ ಗದ್ದೆಯ ನಡುವೆ ಸುರುವಾದ ವಾಲಚಂದನಗರದ ಕಾರಖಾನೆ ಸಕ್ಕರೆಯ ಯಂತ್ರಗಳನ್ನು ಮಾಡುತ್ತ ಮಾಡುತ್ತ ದೊಡ್ಡ ಗೇರುಪೆಟ್ಟಿಗೆಗಳನ್ನೂ, ಶ್ರೀಹರಿಕೋಟಾದಿಂದ ಹಾರುವ ರಾಕೆಟ್ಟುಗಳ ಭಾಗಗಳನ್ನೂ ಮಾಡುವಷ್ಟು ಕೈ ಕುದುರಿಸಿಕೊಂಡಿತು. ಇದೇ ನಿಜವಾದ ಬಾಳಿಕೆ. ಯಂತ್ರ ಒಂದು ದಿನ ಸವೆಯುತ್ತದೆ. ಅದನ್ನು ಮಾಡಬಲ್ಲ ಕೈ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಸಾಗುತ್ತದೆ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ಹತ್ತನೆಯ ಇಯತ್ತೆಯ ನಂತರ ಐ.ಟಿ.ಐ.ಗೆ ಹೋಗಲಿದ್ದೀರಿ, ಕೆಲವರು ಇಂಜಿನಿಯರಿಂಗ್ ಓದಲಿದ್ದೀರಿ, ಕೆಲವರು ಹೊಲದಲ್ಲಿ ತಂದೆಗೆ ನೆರವಾಗುತ್ತ ಟ್ರ್ಯಾಕ್ಟರು ನಡೆಸಲಿದ್ದೀರಿ. ಕನ್ನಡದಲ್ಲಿ ಓದಿದೆವು, ಗಡಿಯ ಹಳ್ಳಿಯವರು, ನಮ್ಮಿಂದ ಏನಾದೀತು ಎಂದು ಅಳುಕಬೇಡಿರಿ. ಏಳು ಮೈಲಿನ ಸಣ್ಣ ಹಳಿಯಿಂದ ಸುರುಮಾಡಿದವರು ಕಡಲು, ಆಕಾಶಗಳ ವರೆಗೆ ಹೋದರು. ಕೆಟ್ಟ ಯಂತ್ರ ಕಂಡರೆ ಹೊಸದು ತರೋಣವೆನ್ನುವ ಮುಂಚೆ ಬಿಚ್ಚಿ ನೋಡುವ ರೂಢಿ ಇಟ್ಟುಕೊಳ್ಳಿರಿ. ಪಾಲಕರಲ್ಲಿಯೂ ಒಂದು ವಿನಂತಿ. ಮಗನೋ ಮಗಳೋ ಕೈಯಲ್ಲಿ ಪಾನಾ ಹಿಡಿದು, ಮೈಗೆ ಎಣ್ಣೆ ಮೆತ್ತಿಕೊಂಡು ಕುಳಿತರೆ ಬೈಯಬೇಡಿರಿ. ಕೊಳ್ಳಲು ಹಣವಿದ್ದರೆ ಸಾಕು; ಮಾಡಲು ಮಾತ್ರ ಅಂಥ ಕೈಗಳೇ ಬೇಕು.